ಹುರಿದ ಧಾನ್ಯದ ಹಸಿರು ಚಹಾ

ಹುರಿದ ಧಾನ್ಯದ ಹಸಿರು ಚಹಾ ಎಂಬುದು ಹಸಿರು ಚಹಾ ಎಲೆಯೊಂದಿಗೆ ಹುರಿದ ಅಕ್ಕಿ, ರಾಗಿ, ಬಾರ್ಲಿ ಮೊದಲಾದ ಕಾಳುಗಳನ್ನು ಬೆರೆಸಿ, ಬಿಸಿನೀರಿನಲ್ಲಿ ನೆನೆಸಿ, ಸೋಸಿ ಕುಡಿಯುವ ಪಾನೀಯ. ಇದರ ಪ್ರಸಿದ್ಧ ರೂಪ ಜಪಾನಿನ ಗೆನ್ಮೈಚಾ. ಜಪಾನೀ ಭಾಷೆಯಲ್ಲಿ 'ಗೆನ್ಮೈ' ಎಂದರೆ ಪಾಲಿಷ್ ಮಾಡದ ಅಕ್ಕಿ; 'ಚಾ' ಎಂದರೆ ಚಹಾ. ದುಬಾರಿಯಾದ ಎಲೆಯನ್ನು ಉಳಿಸಲು ಬಡವರು ಅಕ್ಕಿ ಬೆರೆಸುತ್ತಿದ್ದರೆಂಬ ವಿವರಣೆ ಪ್ರಚಲಿತವಾಗಿದೆ. ಇಂದು ಅದನ್ನು ಪರಿಮಳಕ್ಕಾಗಿಯೇ ಕುಡಿಯುತ್ತಾರೆ. ಎಲೆಯಿಲ್ಲದೆ ಹುರಿದ ಬಾರ್ಲಿಯೊಂದರಿಂದಲೇ ಮಾಡುವ ಪಾನೀಯಕ್ಕೆ ಅಲ್ಲಿ ಮುಗಿಚಾ ಎಂಬ ಹೆಸರಿದೆ.

ಪರಿಮಳದ ಕಾರಣ

ಹಸಿರು ಚಹಾದ ಎಲೆಯನ್ನು ಕೊಯ್ದ ಕೂಡಲೇ ಆವಿಯಲ್ಲಿ ಅಥವಾ ಕಾದ ಬಾಣಲೆಯಲ್ಲಿ ಬಿಸಿ ಮಾಡಿ, ಅದು ಕಪ್ಪಾಗದಂತೆ ತಡೆಯುತ್ತಾರೆ. ಆದ್ದರಿಂದ ಅದರಲ್ಲಿ ಹಸಿ ಹುಲ್ಲಿನ ವಾಸನೆಯೂ ಒಗರೂ ಉಳಿಯುತ್ತವೆ. ಕಾಳನ್ನು ಹುರಿದಾಗ ಅದರ ಅಮೈನೋ ಆಮ್ಲಗಳು ಮತ್ತು ಸಕ್ಕರೆಗಳು ಶಾಖದಲ್ಲಿ ಕೂಡಿ ಪೈರಜಿನ್ ಮುಂತಾದ ಸುವಾಸನಾ ಪದಾರ್ಥಗಳಾಗುತ್ತವೆ. ಇದನ್ನು ಮೈಲಾರ್ಡ್ ಕ್ರಿಯೆ ಎನ್ನುತ್ತಾರೆ. ಈ ಪರಿಮಳವು ಎಲೆಯ ಒಗರನ್ನು ಹಿಂದೆ ಸರಿಸುತ್ತದೆ.

ಕರ್ನಾಟಕದ ಧಾನ್ಯಗಳು

ಕಾಳು ಹುರಿಯುವ ಕಲೆ ಕನ್ನಡನಾಡಿಗೆ ಹೊಸತಲ್ಲ. ಮೈಸೂರು ಸೀಮೆಯ ಹುರಿಹಿಟ್ಟು ಇದಕ್ಕೆ ಉತ್ತಮ ನಿದರ್ಶನ: ನೀರು ಚಿಮುಕಿಸಿ ಇಟ್ಟ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು ಬೀಸಿ, ಬೆಲ್ಲ ಮತ್ತು ತೆಂಗಿನತುರಿ ಸೇರಿಸಿ ತಿನ್ನುವುದು ರೂಢಿ. ಚಹಾಕ್ಕೂ ಈ ಅರಳಿದ ರಾಗಿ ಚೆನ್ನಾಗಿ ಹೊಂದುತ್ತದೆ, ಆದರೆ ಬೀಸಬಾರದು. ಹಿಟ್ಟು ಹಾಕಿದರೆ ಚಹಾ ಹೋಗಿ ಗಂಜಿಯಾಗುತ್ತದೆ. ಭತ್ತದ ಅರಳು, ಅಂದರೆ ಮದುವೆಯ ಲಾಜಾಹೋಮದಲ್ಲಿ ಬಳಸುವಂಥದ್ದು, ಹಗುರವಾದ ಸವಿ ಕೊಡುತ್ತದೆ. ಅಂಗಡಿಯ ಪುರಿಯಲ್ಲಿ ಸಾಮಾನ್ಯವಾಗಿ ಉಪ್ಪಿರುವುದರಿಂದ ಅದು ಹೊಂದುವುದಿಲ್ಲ. ರಾಜಮುಡಿಯಂತಹ ಕೆಂಪಕ್ಕಿಯನ್ನು ತೊಳೆದು, ಕೆಲವು ಗಂಟೆ ನೆನೆಸಿ, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಹೊಂಬಣ್ಣಕ್ಕೆ ತಿರುಗಿ ಕೆಲವು ಕಾಳು ಅರಳಿದೊಡನೆ ಇಳಿಸಬೇಕು. ಕಪ್ಪಾದರೆ ಕಹಿಯಾಗುವುದಲ್ಲದೆ, ಪಿಷ್ಟವಿರುವ ಆಹಾರವನ್ನು ಅತಿಯಾಗಿ ಹುರಿದಾಗ ಉಂಟಾಗುವ ಅಕ್ರಿಲಮೈಡ್ ಎಂಬ ಅನಪೇಕ್ಷಿತ ರಾಸಾಯನಿಕವೂ ಹೆಚ್ಚುತ್ತದೆ.

ಮಿಶ್ರಣ ಮತ್ತು ತಯಾರಿಕೆ

ಎಲೆ ಮತ್ತು ಕಾಳನ್ನು ಸಮತೂಕದಲ್ಲಿ ಬೆರೆಸುವುದು ಸಾಮಾನ್ಯ ಪದ್ಧತಿ. ಹುರಿದ ಕಾಳು ಪೂರ್ತಿ ತಣಿದ ಮೇಲೆಯೇ ಬೆರೆಸಬೇಕು, ಇಲ್ಲವಾದರೆ ಎಲೆಗೆ ತೇವ ತಗಲುತ್ತದೆ. ಮನೆಯಲ್ಲಿ ಪ್ರಯೋಗ ಮಾಡುವವರಿಗೆ ಎದುರಾಗುವ ಮುಖ್ಯ ತೊಡಕು ನೀರಿನ ಬಿಸಿಯದು. ಕಾಳು ತನ್ನ ಸಾರ ಬಿಡಲು ಕುದಿನೀರನ್ನು ಬೇಡುತ್ತದೆ. ಎಲೆ ಕುದಿನೀರಿನಲ್ಲಿ ಕಹಿಯಾಗುತ್ತದೆ. ಹೀಗಾಗಿ ಕಾಳು ಮತ್ತು ಎಲೆಯನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು, ಮೊದಲು ಕಾಳಿನ ಮೇಲೆ ಕುದಿನೀರು ಸುರಿದು, ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಬಳಿಕ ಎಲೆ ಹಾಕಿ ಒಂದೆರಡು ನಿಮಿಷದಲ್ಲಿ ಸೋಸುವುದು ಮೇಲು. 200 ಮಿಲಿಲೀಟರ್ ನೀರಿಗೆ ಎರಡೂ ಸೇರಿ 4 ಗ್ರಾಂ ಸಾಕು. ತೌಡಿನ ಎಣ್ಣೆಯಂಶ ಇರುವ ಹುರಿದ ಕೆಂಪಕ್ಕಿ ಬೇಗನೆ ಕಮಟುತ್ತದೆ. ಎರಡು ವಾರಕ್ಕೆ ಬೇಕಾಗುವಷ್ಟನ್ನೇ ಹುರಿದಿಡುವುದು ಒಳ್ಳೆಯದು.

ಪೋಷಕಾಂಶ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಈ ಕಾರಣಕ್ಕೆ ರಾಗಿ ಬೆರೆಸಿದ ಚಹಾ ಮೂಳೆಗೆ ಬಲ ಕೊಡುತ್ತದೆಂದು ಭಾವಿಸುವುದು ತಪ್ಪು. ಒಂದು ಲೋಟಕ್ಕೆ ಬೀಳುವುದು ಒಂದೆರಡು ಗ್ರಾಂ ಕಾಳು. ಅದನ್ನೂ ಸೋಸಿ ಎಸೆಯಲಾಗುತ್ತದೆ. ಕಾಳನ್ನೇ ತಿನ್ನುವ ಹುರಿಹಿಟ್ಟಿನ ಸ್ಥಾನವನ್ನು ಈ ಪಾನೀಯ ತುಂಬಲಾರದು. ಇದಲ್ಲದೆ ಚಹಾದ ಪಾಲಿಫಿನಾಲ್‌ಗಳು ಧಾನ್ಯ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಕುಗ್ಗಿಸುತ್ತವೆ. ರಕ್ತಹೀನತೆಯುಳ್ಳವರು, ಗರ್ಭಿಣಿಯರು ಇದನ್ನು ಊಟದ ಜೊತೆ ಕುಡಿಯದೆ, ಒಂದು ಗಂಟೆಯಾದರೂ ಅಂತರವಿಡಬೇಕು. ಎಲೆಯ ಪಾಲು ಕಡಿಮೆಯಾದಷ್ಟೂ ಕೆಫೀನ್ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬಾರ್ಲಿಯಲ್ಲಿ ಗ್ಲುಟೆನ್ ಇರುವುದರಿಂದ ಸೀಲಿಯಾಕ್ ರೋಗವುಳ್ಳವರು ಅಕ್ಕಿ ಅಥವಾ ರಾಗಿಯ ಮಿಶ್ರಣವನ್ನಷ್ಟೇ ಬಳಸಬೇಕು.