ಜನರ ಬದುಕು, ಹೊಸ ಸಾಕ್ಷ್ಯಚಿತ್ರ

ನಟರಿಲ್ಲದೆ, ಕಟ್ಟುಕಥೆಯಿಲ್ಲದೆ, ನಿಜವಾದ ಜನರನ್ನೂ ನಡೆದ ಸಂಗತಿಗಳನ್ನೂ ನೆಚ್ಚಿ ತಯಾರಾಗುವ ಸಿನಿಮಾವೇ ಸಾಕ್ಷ್ಯಚಿತ್ರ. ಭಾರತದ ಸಾಕ್ಷ್ಯಚಿತ್ರಗಳಿಗೆ 2021ರಿಂದೀಚೆಗೆ ಹೊರದೇಶಗಳಲ್ಲಿ ದೊಡ್ಡ ಮನ್ನಣೆ ಸಿಕ್ಕಿದೆ. ‘ರೈಟಿಂಗ್ ವಿತ್ ಫೈರ್’ (2021) ಮತ್ತು ‘ಆಲ್ ದಟ್ ಬ್ರೀತ್ಸ್’ (2022) ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿದವು. ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರನ್ನು ಗೆದ್ದುಕೊಂಡಿತು. ಹಕ್ಕಿಗಳ ಆರೈಕೆ, ಹಳ್ಳಿಗಾಡಿನ ಪತ್ರಿಕೋದ್ಯಮ, ಮೀನುಗಾರಿಕೆ, ಆನೆ ಸಾಕಣೆ ಹೀಗೆ ಇಂಥ ಚಿತ್ರಗಳ ವಸ್ತು ಬೇರೆ ಬೇರೆ. ಅನುಸರಿಸುವ ದಾರಿ ಮಾತ್ರ ಹೆಚ್ಚು ಕಡಿಮೆ ಒಂದೇ. ವಿಷಯವನ್ನು ವಿವರಿಸಿ ಹೇಳುವುದಕ್ಕಿಂತ, ಕೆಲವೇ ಜನರ ಜೊತೆ ವರ್ಷಗಟ್ಟಲೆ ಇದ್ದು ಅವರ ದಿನಚರಿಯಲ್ಲೇ ವಿಷಯವನ್ನು ಕಾಣಿಸುತ್ತವೆ.

ವಿವರಣೆಯಿಂದ ಒಡನಾಟಕ್ಕೆ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೇಂದ್ರ ಸರ್ಕಾರ ಫಿಲ್ಮ್ಸ್ ಡಿವಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದು ತಯಾರಿಸಿದ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಮುಖ್ಯ ಸಿನಿಮಾಕ್ಕೆ ಮೊದಲು ತೋರಿಸುವುದು ಚಿತ್ರಮಂದಿರಗಳಿಗೆ ದಶಕಗಳ ಕಾಲ ಕಡ್ಡಾಯವಾಗಿತ್ತು. ಅಣೆಕಟ್ಟು, ವ್ಯವಸಾಯ, ಕುಟುಂಬ ಯೋಜನೆಗಳ ಬಗೆಗಿನ ಅಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಗಂಭೀರ ಹಿನ್ನೆಲೆ ದನಿ ಎಲ್ಲವನ್ನೂ ವಿವರಿಸುತ್ತಿತ್ತು. ತೆರೆಯ ಮೇಲಿನ ಜನ ಮಾತಾಡುತ್ತಿದ್ದುದು ಕಡಿಮೆ.

ಹೆಗಲ ಮೇಲೆ ಹೊತ್ತು ಓಡಾಡಬಹುದಾದ 16 ಎಂಎಂ ಕ್ಯಾಮೆರಾ ಮತ್ತು ಅದರೊಂದಿಗೆ ಹೊಂದಿಕೊಂಡು ಮಾತನ್ನು ದಾಖಲಿಸುವ ಹಗುರ ಧ್ವನಿಯಂತ್ರ 1960ರ ಸುಮಾರಿಗೆ ಅಮೆರಿಕ, ಫ್ರಾನ್ಸ್‌ಗಳಲ್ಲಿ ಬಳಕೆಗೆ ಬಂದವು. ಆಗ ಜನ ಇದ್ದಲ್ಲಿಗೇ ಹೋಗಿ, ಅವರ ಮಾತನ್ನು ಅವರ ದನಿಯಲ್ಲೇ ಹಿಡಿಯುವುದು ಸಾಧ್ಯವಾಯಿತು. ಭಾರತದಲ್ಲಿ ಸರ್ಕಾರಿ ಚೌಕಟ್ಟಿನ ಹೊರಗೆ ನಿಂತು ಈ ಕೆಲಸ ಮಾಡಿದವರಲ್ಲಿ ಆನಂದ್ ಪಟವರ್ಧನ್ ಪ್ರಮುಖರು. ಮುಂಬೈ ಕೊಳೆಗೇರಿಗಳ ಜನರನ್ನು ಕುರಿತ ಅವರ ‘ಬಾಂಬೆ ಅವರ್ ಸಿಟಿ’ 1985ರಲ್ಲಿ ಬಂತು. ಬೆಂಗಳೂರಿನಲ್ಲಿ ನೆಲೆಸಿರುವ ದೀಪಾ ಧನರಾಜ್ ‘ಸಮ್‌ಥಿಂಗ್ ಲೈಕ್ ಎ ವಾರ್’ (1991) ಚಿತ್ರದಲ್ಲಿ ಕುಟುಂಬ ಯೋಜನೆಯನ್ನೇ ವಸ್ತುವಾಗಿ ಎತ್ತಿಕೊಂಡರು. ಸರ್ಕಾರಿ ಚಿತ್ರಗಳು ಉಪದೇಶ ಮಾಡುತ್ತಿದ್ದ ವಿಷಯದಲ್ಲಿ ಇಲ್ಲಿ ಹೆಂಗಸರೇ ತಮ್ಮ ದೇಹ, ಹೆರಿಗೆ, ಶಸ್ತ್ರಚಿಕಿತ್ಸೆಗಳ ಬಗ್ಗೆ ಬಾಯಿಬಿಟ್ಟರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫಿಲ್ಮ್ ಸುರುಳಿಯ ಖರ್ಚು ಇಲ್ಲವಾಗಿ, ದೀರ್ಘಕಾಲ ಚಿತ್ರೀಕರಿಸುವುದು ಸಣ್ಣ ತಂಡಗಳಿಗೂ ಎಟುಕಿತು.

ಒಂದು ನೆಲಮಾಳಿಗೆ, ಒಂದು ನಗರ

ಶೌನಕ್ ಸೇನ್ ನಿರ್ದೇಶನದ ‘ಆಲ್ ದಟ್ ಬ್ರೀತ್ಸ್’ ಈ ಬಗೆಯ ಚಿತ್ರಗಳಿಗೆ ಒಳ್ಳೆಯ ಮಾದರಿ. ದೆಹಲಿಯ ವಜೀರಾಬಾದ್‌ನಲ್ಲಿ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಅಣ್ಣತಮ್ಮಂದಿರು ಗಾಯಗೊಂಡ ಹದ್ದುಗಳನ್ನು ಉಪಚರಿಸುತ್ತಾರೆ. ಹದ್ದು ಮಾಂಸಾಹಾರಿ ಎಂಬ ಕಾರಣಕ್ಕೆ ಧರ್ಮಾರ್ಥ ಪಕ್ಷಿ ಆಸ್ಪತ್ರೆಯೊಂದು ಚಿಕಿತ್ಸೆ ಕೊಡಲು ಒಪ್ಪದಿದ್ದಾಗ, ಆ ಕೆಲಸವನ್ನು ಅವರೇ ಕೈಗೆತ್ತಿಕೊಂಡಿದ್ದರು. ಹೊಟ್ಟೆಪಾಡಿಗೆ ಸೋಪಿನ ಡಿಸ್ಪೆನ್ಸರ್ ತಯಾರಿಸುವ ನೆಲಮಾಳಿಗೆಯಲ್ಲೇ ಹಕ್ಕಿಗಳ ಆಸ್ಪತ್ರೆಯೂ ನಡೆಯುತ್ತದೆ. ಒಂದು ಕಡೆ ಯಂತ್ರದ ಸದ್ದು, ಇನ್ನೊಂದು ಕಡೆ ರಟ್ಟಿನ ಪೆಟ್ಟಿಗೆಗಳಲ್ಲಿ ಬಂದಿಳಿಯುವ ಹದ್ದುಗಳು.

ಚಿತ್ರ ಶುರುವಾಗುವುದು ಈ ಸೋದರರಿಂದಲ್ಲ. ರಾತ್ರಿ ಹೊತ್ತು, ಕಸ ಬಿದ್ದ ಬಯಲಲ್ಲಿ ಕ್ಯಾಮೆರಾ ನೆಲಮಟ್ಟದಲ್ಲಿ ನಿಧಾನವಾಗಿ ಸರಿಯುತ್ತ, ಹಿಂಡುಹಿಂಡಾಗಿ ಓಡಾಡುವ ಇಲಿಗಳನ್ನು ತೋರಿಸುತ್ತದೆ. ನಗರ ಮನುಷ್ಯರದ್ದಷ್ಟೇ ಅಲ್ಲ ಎಂಬುದನ್ನು ಒಂದು ಮಾತೂ ಇಲ್ಲದೆ ಆ ದೃಶ್ಯ ಮನಗಾಣಿಸುತ್ತದೆ. ಗಾಯಗೊಂಡ ಒಂದು ಹಕ್ಕಿಗಾಗಿ ನದಿಯನ್ನು ಈಜಿ ದಾಟುವ ಪ್ರಸಂಗವನ್ನೂ ಚಿತ್ರ ಅವಸರವಿಲ್ಲದೆ ಕಾಣಿಸುತ್ತದೆ. ದೆಹಲಿಯ ಹೊಗೆ ಮುಸುಕಿದ ಗಾಳಿ, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ಕೂಗು, ಮುಸ್ಲಿಂ ಕುಟುಂಬವೊಂದರ ಆತಂಕ ಇವೆಲ್ಲ ಹಕ್ಕಿಗಳ ಕೆಲಸದ ನಡುವೆಯೇ ಮನೆಯೊಳಗೆ ನುಸುಳಿ ಬರುತ್ತವೆ. ಈ ಚಿತ್ರಕ್ಕೆ 2022ರಲ್ಲಿ ಸನ್‌ಡ್ಯಾನ್ಸ್ ಮತ್ತು ಕಾನ್ ಎರಡೂ ಉತ್ಸವಗಳಲ್ಲಿ ಸಾಕ್ಷ್ಯಚಿತ್ರಕ್ಕೆ ಮೀಸಲಾದ ಪ್ರಶಸ್ತಿಗಳು ಬಂದವು.

ದುಡಿಮೆಯ ಚಿತ್ರಗಳು

ಒಬ್ಬರ ದುಡಿಮೆಯನ್ನು ಹಿಂಬಾಲಿಸಿದರೆ ಅವರ ಸಮಾಜವೂ ಹಿಂದೆಯೇ ಬರುತ್ತದೆ. ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ಅವರ ‘ರೈಟಿಂಗ್ ವಿತ್ ಫೈರ್’ ಉತ್ತರ ಪ್ರದೇಶದ ಬುಂದೇಲ್‌ಖಂಡದಲ್ಲಿ 2002ರಲ್ಲಿ ಆರಂಭವಾದ ‘ಖಬರ್ ಲಹರಿಯಾ’ ಪತ್ರಿಕೆಯ ದಲಿತ ವರದಿಗಾರ್ತಿಯರನ್ನು ಕುರಿತದ್ದು. ಮುದ್ರಣದಿಂದ ಮೊಬೈಲಿಗೆ ಪತ್ರಿಕೆ ಬದಲಾಗುವ ಹೊತ್ತದು. ಸ್ಮಾರ್ಟ್‌ಫೋನ್ ಮುಟ್ಟಿಯೇ ಗೊತ್ತಿಲ್ಲದವರು ಅದನ್ನು ಬಳಸಲು ಕಲಿತು, ಗಣಿಗೂ ಪೊಲೀಸ್ ಠಾಣೆಗೂ ಹೋಗಿ ಪ್ರಶ್ನೆ ಕೇಳುತ್ತಾರೆ.

ಸರ್ವನಿಕ್ ಕೌರ್ ಅವರ ‘ಅಗೇನ್‌ಸ್ಟ್ ದ ಟೈಡ್’ (2023) ಮುಂಬೈಯ ಕೋಳಿ ಸಮುದಾಯದ ಇಬ್ಬರು ಗೆಳೆಯರ ಕಥೆ. ಒಬ್ಬರು ಅಪ್ಪನ ಕಾಲದ ಪದ್ಧತಿಯಂತೆ ದಡದ ಹತ್ತಿರವೇ ಬಲೆ ಹಾಕುತ್ತಾರೆ. ವಿದೇಶದಲ್ಲಿ ಓದಿ ಬಂದ ಇನ್ನೊಬ್ಬರು ಸಾಲ ಮಾಡಿ ಆಳಸಮುದ್ರಕ್ಕೆ ಇಳಿದು, ಎಲ್ಇಡಿ ದೀಪದಿಂದ ಮೀನು ಸೆಳೆಯುವ ನಿಷಿದ್ಧ ವಿಧಾನದತ್ತ ವಾಲುತ್ತಾರೆ. ಕರ್ನಾಟಕದ ಕರಾವಳಿಯಲ್ಲೂ ಬೆಳಕು ಮೀನುಗಾರಿಕೆ ಜಗಳಕ್ಕೆ ಕಾರಣವಾಗಿರುವುದರಿಂದ ಇಲ್ಲಿನ ನೋಡುಗರಿಗೆ ಈ ವಸ್ತು ಪರಿಚಿತ. ಕಾರ್ತಿಕಿ ಗೊನ್ಸಾಲ್ವಿಸ್ ಅವರ ‘ದಿ ಎಲಿಫೆಂಟ್ ವಿಸ್ಪರರ್ಸ್’ ನಡೆಯುವುದು ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈ ಕಾಡಿನಲ್ಲಿ. ಅನಾಥ ಮರಿಯಾನೆಗಳನ್ನು ಸಾಕುವ ಕಾಟ್ಟುನಾಯಕನ್ ದಂಪತಿಯ ಈ ಚಿತ್ರಕ್ಕೆ ವರ್ಷಗಟ್ಟಲೆ ಚಿತ್ರೀಕರಣ ನಡೆದಿದ್ದರೂ ತೆರೆಯ ಮೇಲಿನ ಅವಧಿ ಸುಮಾರು 40 ನಿಮಿಷ.

ಕಾಲ ಮತ್ತು ಹಣ

ಇಂಥ ಚಿತ್ರಗಳಿಗೆ ಮೊದಲೇ ಬರೆದ ಚಿತ್ರಕಥೆ ಇರುವುದಿಲ್ಲ. ಶುರುವಿನ ತಿಂಗಳುಗಳು ಪರಿಚಯಕ್ಕೇ ಬೇಕು. ಕ್ಯಾಮೆರಾ ಕಂಡಾಗ ಜನ ನೆಟ್ಟಗೆ ನಿಲ್ಲುವುದನ್ನು ಬಿಟ್ಟು ತಮ್ಮ ಪಾಡಿಗೆ ಇರತೊಡಗಿದ ಮೇಲೆಯೇ ಉಪಯೋಗದ ದೃಶ್ಯಗಳು ಸಿಗುವುದು. ಹೀಗೆ ಕೂಡಿಬಿದ್ದ ನೂರಾರು ಗಂಟೆಗಳ ಚಿತ್ರಿಕೆಯಿಂದ ಒಂದೂವರೆ ಗಂಟೆಯ ಕಥೆಯನ್ನು ಕಂಡುಕೊಳ್ಳುವುದು ಸಂಕಲನದ ಮೇಜಿನಲ್ಲಿ. ಹಾಗಾಗಿ ಸಾಕ್ಷ್ಯಚಿತ್ರದ ಸಂಕಲನಕಾರರು ಅರ್ಧ ಬರಹಗಾರರೂ ಹೌದು. ಅಷ್ಟು ಕಾಲದ ಖರ್ಚನ್ನು ಒಬ್ಬ ನಿರ್ಮಾಪಕರು ಭರಿಸುವುದು ಅಪರೂಪ. ಹಣದ ಬಹುಪಾಲು ವಿದೇಶಿ ನಿಧಿಗಳಿಂದಲೋ ಹಲವು ದೇಶಗಳ ಜಂಟಿ ನಿರ್ಮಾಣದಿಂದಲೋ ಬರುತ್ತದೆ.

ಒಪ್ಪಿಗೆಯ ಪ್ರಶ್ನೆ

ಬೇರೆಯವರ ಬದುಕನ್ನು ತೆರೆಗೆ ತರುವಾಗ ಅವರ ಒಪ್ಪಿಗೆ ಬೇಕು. ಒಂದು ಸಹಿಯಿಂದ ಅದು ಮುಗಿಯುವುದಿಲ್ಲ. ನಿಶಾ ಪಾಹುಜಾ ಅವರ ‘ಟು ಕಿಲ್ ಎ ಟೈಗರ್’ (2022) ಜಾರ್ಖಂಡ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದ 13 ವರ್ಷದ ಹುಡುಗಿ ಮತ್ತು ಆಕೆಯ ತಂದೆಯ ನ್ಯಾಯದ ಹೋರಾಟವನ್ನು ಹಿಂಬಾಲಿಸುತ್ತದೆ. ಮುಖ ತೋರಿಸಬೇಕೇ ಬೇಡವೇ ಎಂಬ ನಿರ್ಧಾರ ಆಕೆಗೆ 18 ತುಂಬುವವರೆಗೆ ಕಾಯಿತು. ತೋರಿಸಲು ಆಕೆಯೇ ಒಪ್ಪಿದರು.

ಒಪ್ಪಿಗೆ ಕೊಟ್ಟವರು ಸಿದ್ಧ ಚಿತ್ರವನ್ನು ಒಪ್ಪಲೇಬೇಕೆಂದೂ ಇಲ್ಲ. ‘ರೈಟಿಂಗ್ ವಿತ್ ಫೈರ್’ ಆಸ್ಕರ್ ಪಟ್ಟಿಯಲ್ಲಿದ್ದಾಗಲೇ ಖಬರ್ ಲಹರಿಯಾ ಹೇಳಿಕೆ ಹೊರಡಿಸಿ, ಚಿತ್ರದ ಶಕ್ತಿಯನ್ನು ಮೆಚ್ಚಿಕೊಂಡರೂ, ಒಂದೇ ಪಕ್ಷದ ಮೇಲೆ ತನ್ನ ವರದಿಗಾರಿಕೆಯ ಗಮನವೆಲ್ಲ ಇದೆಯೆಂಬಂತೆ ತೋರಿಸಿರುವುದು ಸರಿಯಲ್ಲ ಎಂದಿತು. ಚಿತ್ರೀಕರಿಸಿದ್ದರಲ್ಲಿ ಬಹುಪಾಲನ್ನು ಬಿಡಲೇಬೇಕಾದ ಕಲೆಯಲ್ಲಿ ಈ ತಕರಾರು ತಪ್ಪಿದ್ದಲ್ಲ. ತೆರೆಯ ಮೇಲೆ ಕಾಣಿಸಿಕೊಂಡವರಿಗೆ ಹಣ ಕೊಡಬೇಕೇ ಎಂಬುದೂ ಇತ್ಯರ್ಥವಾಗದ ಚರ್ಚೆ. ಕೊಟ್ಟರೆ ಜನ ಕ್ಯಾಮೆರಾಕ್ಕಾಗಿ ನಟಿಸಬಹುದು ಎಂಬುದು ಒಂದು ವಾದ. ಅವರ ವರ್ಷಗಳ ಸಮಯವನ್ನು ಬಿಟ್ಟಿಯಾಗಿ ಪಡೆಯುವುದು ಅನ್ಯಾಯ ಎಂಬುದು ಇನ್ನೊಂದು.

ನೋಡುಗರಿಗೆ ತಲುಪುವ ದಾರಿ

ಚಿತ್ರಮಂದಿರಗಳಲ್ಲಿ ಸಾಕ್ಷ್ಯಚಿತ್ರಕ್ಕೆ ಜಾಗ ಕಡಿಮೆ. ಕರ್ನಾಟಕದಲ್ಲಿ ‘ವೈಲ್ಡ್ ಕರ್ನಾಟಕ’ 2020ರಲ್ಲಿ ತೆರೆಕಂಡಿತು. ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ ‘ಗಂಧದ ಗುಡಿ’ಯನ್ನು 2022ರಲ್ಲಿ ಜನ ಥಿಯೇಟರಿಗೆ ಹೋಗಿ ನೋಡಿದರು. ಎರಡೂ ನಾಡಿನ ಕಾಡು, ನಿಸರ್ಗವನ್ನು ಮುಖ್ಯವಾಗಿ ತೋರಿಸಿದವು. ಸಾಮಾನ್ಯ ಜನರ ಬದುಕನ್ನು ಕುರಿತ ಚಿತ್ರಗಳಿಗೆ ಅಂಥ ಬಿಡುಗಡೆ ಸಿಕ್ಕಿದ್ದು ವಿರಳ. ಅವು ಹೆಚ್ಚಾಗಿ ಚಲನಚಿತ್ರೋತ್ಸವ, ಫಿಲ್ಮ್ ಸೊಸೈಟಿ, ಕಾಲೇಜುಗಳ ಪ್ರದರ್ಶನಗಳಲ್ಲಿ ಮೊದಲು ಕಾಣಸಿಗುತ್ತವೆ. ಕೆಲವು ಆಮೇಲೆ ಒಟಿಟಿಗೆ ಬರುತ್ತವೆ. ‘ದಿ ಎಲಿಫೆಂಟ್ ವಿಸ್ಪರರ್ಸ್’, ‘ಟು ಕಿಲ್ ಎ ಟೈಗರ್’ ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಹಲವು ಚಿತ್ರಗಳಿಗೆ ಇಂಗ್ಲಿಷ್ ಉಪಶೀರ್ಷಿಕೆ ಮಾತ್ರ ಇರುವುದು ಇನ್ನೊಂದು ತೊಡಕು. ಪ್ರಾದೇಶಿಕ ಭಾಷೆಗಳ ಉಪಶೀರ್ಷಿಕೆಗಳೂ ಊರೂರಿನ ಪ್ರದರ್ಶನಗಳೂ ಹೆಚ್ಚಿದರೆ, ಈ ಚಿತ್ರಗಳು ಯಾರ ಬದುಕನ್ನು ಕಾಣಿಸುತ್ತವೆಯೋ ಅಂಥವರೂ ಅವುಗಳ ನೋಡುಗರಾಗುತ್ತಾರೆ.