ನಲ್ಲಿಯ ನೀರಿಗೆ ಯಾರು ಹೊಣೆ?

ಪೌರನೀತಿಯ ಪಾಠದಲ್ಲಿ ನೀವು ರಾಷ್ಟ್ರಪತಿಯ ಅಧಿಕಾರಗಳನ್ನು ಓದಿದ್ದೀರಿ, ರಾಜ್ಯಸಭೆಯ ಸದಸ್ಯರ ಸಂಖ್ಯೆಯನ್ನು ಬಾಯಿಪಾಠ ಮಾಡಿದ್ದೀರಿ. ಈಗ ಬೇರೊಂದು ಪ್ರಶ್ನೆ. ಬೆಳಿಗ್ಗೆ ನಿಮ್ಮ ಬೀದಿಯ ನಲ್ಲಿಗೆ ನೀರು ಬರಲಿಲ್ಲ. ಅದಕ್ಕೆ ಹೊಣೆ ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ನಿಮ್ಮ ಊರಿನ ಆಡಳಿತವೆಲ್ಲ ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ. ದಾವಣಗೆರೆ ಮತ್ತು ಹರಿಹರ ಎಂಬ ಎರಡು ನೆರೆಯೂರುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನೀವು ಬೇರೆ ಊರಿನವರಾದರೆ ಆ ಊರಿನ ಹೆಸರು ಹಾಕಿಕೊಂಡು ಓದಬಹುದು. ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ದಾವಣಗೆರೆಗೆ ಕುಡಿಯುವ ನೀರು ಎರಡು ದಾರಿಯಲ್ಲಿ ಬರುತ್ತದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರಾ ನದಿಯಿಂದ ನೀರೆತ್ತಿ ಕೊಳವೆಯ ಮೂಲಕ ತರುವುದು ಒಂದು ದಾರಿ. ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ತುಂಬಿಸಿಟ್ಟುಕೊಂಡು ಬಳಸುವುದು ಇನ್ನೊಂದು. (ದೂರದರ್ಶನದ ಹೆಸರು ಹೊತ್ತ ಕೆರೆ ನಾಡಿನಲ್ಲಿ ಬೇರೆಲ್ಲಾದರೂ ಇದೆಯೋ ಇಲ್ಲವೋ!) ಭದ್ರಾ ನಾಲೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. ಯಾವ ತಾರೀಖಿನಿಂದ ಎಷ್ಟು ದಿನ ನೀರು ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಅದು ಸಾಮಾನ್ಯವಾಗಿ ಸೇರುವುದು ಶಿವಮೊಗ್ಗದಲ್ಲಿ. ಅಲ್ಲಿ ಮಾತಾಡುವವರಲ್ಲಿ ಭತ್ತದ ಗದ್ದೆಯವರಿದ್ದಾರೆ, ತೋಟದವರಿದ್ದಾರೆ, ನಾಲೆಯ ಕೊನೆಯ ಭಾಗಕ್ಕೆ ನೀರೇ ತಲುಪುವುದಿಲ್ಲವೆಂದು ಪ್ರತಿವರ್ಷ ದೂರುವ ಹರಿಹರ, ಮಲೇಬೆನ್ನೂರು ಕಡೆಯ ರೈತರಿದ್ದಾರೆ.

ಹಾಗಾದರೆ ನಲ್ಲಿ ಒಣಗಿದಾಗ ಯಾರನ್ನು ಕೇಳಬೇಕು? ಪಕ್ಕದ ಬೀದಿಗೆ ನೀರು ಬಂದು ನಿಮ್ಮ ಬೀದಿಗೆ ಮಾತ್ರ ಬರದಿದ್ದರೆ ಅದು ಪಾಲಿಕೆಯ ವಾಲ್ವ್‌ಮನ್ ಮತ್ತು ಎಂಜಿನಿಯರ್ ಉತ್ತರಿಸಬೇಕಾದ ಮಾತು. ಕೆರೆಯೇ ಬರಿದಾಗಿದ್ದರೆ ನಾಲೆಯ ಪ್ರಶ್ನೆ, ಅಂದರೆ ನೀರಾವರಿ ನಿಗಮದ ಪ್ರಶ್ನೆ. ಹೊಸ ಕೊಳವೆ ಹಾಕಲು ಅಗೆದ ರಸ್ತೆ ಮುಚ್ಚದೆ ಬಿದ್ದಿದ್ದರೆ ಆ ಕಾಮಗಾರಿ ಯಾವ ಯೋಜನೆಯದೆಂದು ನೋಡಬೇಕು. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಈ ನಾಲ್ಕು ಊರುಗಳಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ನೀರಿನ ಯೋಜನೆ ಬಂತು. ಅದನ್ನು ನಡೆಸಿದ್ದು ರಾಜ್ಯ ಮಟ್ಟದ ಹಣಕಾಸು ನಿಗಮ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂಬ ಒಂದೇ ಸಾಲಿನ ಉತ್ತರದೊಂದಿಗೆ ಹಿಂದಿರುಗುತ್ತದೆ. ಆ ಒಂದು ಸಾಲು ಎಷ್ಟು ಜನರ ಉತ್ಸಾಹವನ್ನು ಕೊಂದಿದೆಯೋ ಹೇಳಲಾಗದು. ಯಾವ ಬಾಗಿಲು ತಟ್ಟಬೇಕೆಂಬ ತಿಳಿವಳಿಕೆ ಇಲ್ಲದವನಿಗೆ ಮತದ ಹಕ್ಕು ಐದು ವರ್ಷಕ್ಕೊಮ್ಮೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇನ್ನು ಊರಿನ ಆಡಳಿತ ಹೇಗಿದೆ ನೋಡೋಣ. ದಾವಣಗೆರೆಗೆ 1870ರಲ್ಲೇ ಪುರಸಭೆ ಬಂದಿತ್ತು. 1997ರ ಆಗಸ್ಟ್ 15ರಂದು ಅದು ಹೊಸ ಜಿಲ್ಲೆಯ ಕೇಂದ್ರವಾಯಿತು; 2007ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆಯಾಯಿತು. ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿರುವುದು ನಗರಸಭೆ. ಒಂದೇ ನದಿಯ ನೀರು ಕುಡಿಯುವ ಈ ಎರಡು ಊರುಗಳನ್ನು ಆಳುವ ಕಾನೂನುಗಳು ಮಾತ್ರ ಬೇರೆ ಬೇರೆ. ಹರಿಹರಕ್ಕೆ 1964ರ ಪುರಸಭೆಗಳ ಅಧಿನಿಯಮ, ದಾವಣಗೆರೆಗೆ 1976ರ ನಗರಪಾಲಿಕೆಗಳ ಅಧಿನಿಯಮ. ಅಲ್ಲಿ ಅಧ್ಯಕ್ಷರು ಮತ್ತು ಪೌರಾಯುಕ್ತರು, ಇಲ್ಲಿ ಮೇಯರ್ ಮತ್ತು ಆಯುಕ್ತರು. ಎರಡಕ್ಕೂ ಸಂವಿಧಾನದ ಆಸರೆ ಸಿಕ್ಕಿದ್ದು 74ನೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1993ರ ಜೂನ್ 1ರಂದು. ಅದರೊಂದಿಗೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ನೀರು ಸರಬರಾಜು, ರಸ್ತೆ, ನೈರ್ಮಲ್ಯ, ಬೀದಿ ದೀಪ, ಉದ್ಯಾನ, ಸ್ಮಶಾನ, ಜನನ-ಮರಣ ನೋಂದಣಿ ಎಲ್ಲವೂ ಅದರಲ್ಲಿವೆ. ನಮ್ಮ ಹುಟ್ಟಿನ ದಾಖಲೆಯೂ ಸಾವಿನ ದಾಖಲೆಯೂ ಆ ಒಂದೇ ಕಚೇರಿಯಲ್ಲಿ!

ಸಭೆ ನಿರ್ಣಯ ಮಾಡುತ್ತದೆ, ಆಯುಕ್ತರು ಅದನ್ನು ಜಾರಿಗೆ ತರುತ್ತಾರೆ. ಪುಸ್ತಕದಲ್ಲಿ ಇಷ್ಟೇ. ಆದರೆ ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ, ಅವರನ್ನು ವರ್ಗ ಮಾಡುವುದೂ ಅದೇ. ಅನುದಾನದ ದೊಡ್ಡ ಪಾಲು ಬರುವುದೂ ಮೇಲಿನಿಂದಲೇ. ಆದ್ದರಿಂದ ನಿಮ್ಮ ವಾರ್ಡಿನ ಸದಸ್ಯರು ‘ಮೇಲಿನಿಂದ ಹಣ ಬಂದಿಲ್ಲ’ ಎಂದರೆ ಅದು ಪ್ರತಿ ಸಲವೂ ನೆಪವಲ್ಲ. ಪ್ರತಿ ಸಲವೂ ನಿಜವಲ್ಲ ಎಂಬುದನ್ನೂ ಹೇಳಬೇಕು. ಮನೆ ಕಂದಾಯ ಎಷ್ಟು ವಸೂಲಾಯಿತು, ಎಷ್ಟು ಬಾಕಿ ಉಳಿಯಿತು ಎಂಬ ಲೆಕ್ಕ ಪಾಲಿಕೆಯ ಆಯವ್ಯಯ ಪುಸ್ತಕದಲ್ಲಿರುತ್ತದೆ. ಕಾಲೇಜಿನ ವಾಣಿಜ್ಯ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕ ನನಗೆ ಗೊತ್ತಿಲ್ಲ.

ಈಗ ಒಂದು ಚುನಾವಣೆಯ ಗಣಿತ. 2019ರ ನವೆಂಬರಿನಲ್ಲಿ ದಾವಣಗೆರೆ ಪಾಲಿಕೆಯ 45 ವಾರ್ಡುಗಳಿಗೆ ಮತದಾನ ನಡೆಯಿತು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 4 ಲಕ್ಷ 35 ಸಾವಿರ. ಅಂದರೆ ಒಬ್ಬ ಸದಸ್ಯನಿಗೆ ಹೆಚ್ಚುಕಡಿಮೆ ಹತ್ತು ಸಾವಿರ ಜನ. ಫಲಿತಾಂಶ ಹೀಗಿತ್ತು: ಕಾಂಗ್ರೆಸ್ 22, ಭಾರತೀಯ ಜನತಾ ಪಕ್ಷ 17, ಜನತಾ ದಳ (ಜಾತ್ಯತೀತ) 1, ಪಕ್ಷೇತರರು 5. ಬಹುಮತಕ್ಕೆ 23 ಬೇಕು. ಯಾರು ಮೇಯರ್ ಆಗಬೇಕು? ಒಂದೇ ಒಂದು ಕಡಿಮೆ ಇರುವ ಪಕ್ಷದವರೇ ಎಂದು ನೀವು ಹೇಳಬಹುದು. ಆದರೆ 2020ರ ಫೆಬ್ರವರಿಯಲ್ಲಿ ಮೇಯರ್ ಆದವರು 17 ಸ್ಥಾನದ ಪಕ್ಷದವರು.

ಇದು ಹೇಗಾಯಿತು? ಪಕ್ಷೇತರರ ಬೆಂಬಲ ಒಂದು ಕಾರಣ. ಇನ್ನೊಂದು ಕಾರಣ ಕಾನೂನಿನಲ್ಲಿದೆ. ಮೇಯರ್ ಚುನಾವಣೆಯಲ್ಲಿ ವಾರ್ಡುಗಳಿಂದ ಗೆದ್ದವರಷ್ಟೇ ಮತ ಹಾಕುವುದಿಲ್ಲ. ಆ ಭಾಗದ ಲೋಕಸಭಾ ಸದಸ್ಯರು, ಶಾಸಕರು, ಜೊತೆಗೆ ಆ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರೂ ಮತ ಹಾಕುತ್ತಾರೆ. ಸರ್ಕಾರ ನಾಮಕರಣ ಮಾಡಿದ ಸದಸ್ಯರಿಗೆ ಮಾತ್ರ ಆ ಹಕ್ಕಿಲ್ಲ. ಹೊರ ಊರಿನ ಪರಿಷತ್ ಸದಸ್ಯರ ಹೆಸರು ದಾವಣಗೆರೆಯ ಪಟ್ಟಿಗೆ ಸೇರಿದೆಯೆಂದು ಆಗ ದೊಡ್ಡ ತಕರಾರೇ ನಡೆಯಿತು. ಯಾವ ಪಕ್ಷ ಗೆದ್ದಿತೆಂಬುದು ಇಲ್ಲಿ ಮುಖ್ಯವಲ್ಲ; ನಾಳೆ ಇನ್ನೊಂದು ಪಕ್ಷ ಅದೇ ನಿಯಮದಿಂದ ಲಾಭ ಪಡೆಯಬಹುದು. ವಾರ್ಡಿನ ಮತಪೆಟ್ಟಿಗೆಯಲ್ಲಿ ಬಾರದ ಮತಗಳು ವಾರ್ಡುಗಳ ಸಭೆಯ ಮುಖ್ಯಸ್ಥರನ್ನು ಆರಿಸುವುದು ಸರಿಯೇ ಎಂಬುದೇ ಪ್ರಶ್ನೆ. ಶಾಸಕರೂ ಜನರಿಂದಲೇ ಆಯ್ಕೆಯಾದವರು, ನಗರಕ್ಕೆ ಅನುದಾನ ತರುವವರು ಎಂಬ ವಾದವಿದೆ. ಪರಿಷತ್ ಸದಸ್ಯರ ಬಗ್ಗೆ ಆ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಇದನ್ನು ವಿಷಯವಾಗಿ ಇಟ್ಟುಕೊಳ್ಳಿ.

ಮಂಡಕ್ಕಿಯ ಮಾತು ಬಾರದೆ ದಾವಣಗೆರೆಯ ಮಾತು ಮುಗಿಯುವುದಿಲ್ಲ. ಈ ನಗರದಲ್ಲಿ ಮಂಡಕ್ಕಿ ಭಟ್ಟಿಗಳ ಒಂದು ಬಡಾವಣೆಯೇ ಇದೆ. ಭಟ್ಟಿಗೆ ಉರುವಲಾಗಿ ಹಳೆಯ ಟೈರು ಸುಡುತ್ತಾರೆ, ಕಪ್ಪು ಹೊಗೆ ಮನೆಯೊಳಗೆ ನುಗ್ಗುತ್ತದೆ ಎಂದು ಅಕ್ಕಪಕ್ಕದವರು ಎಷ್ಟೋ ಸಲ ದೂರಿದ್ದಾರೆ. ಭತ್ತದ ಹೊಟ್ಟು, ಸೌದೆ ದುಬಾರಿ, ಟೈರು ಅಗ್ಗ ಎಂಬುದು ಭಟ್ಟಿಯವರ ಲೆಕ್ಕ. ಅಲ್ಲಿ ದುಡಿಯುವವರು ಕೂಲಿಯವರು. ಹೊಗೆ ಮೊದಲು ಹೋಗುವುದೂ ಅವರ ಎದೆಗೇ. ಉದ್ಯಮ ಪರವಾನಗಿ ಕೊಡುವುದು ಪಾಲಿಕೆ, ಹೊಗೆ ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಭಟ್ಟಿ ಮುಚ್ಚಿ ಎನ್ನುವವರೂ ಮುಚ್ಚಬೇಡಿ ಎನ್ನುವವರೂ ಒಂದೇ ವಾರ್ಡಿನ ಮತದಾರರು. ಒಬ್ಬ ಸದಸ್ಯೆ ಇಬ್ಬರಿಗೂ ಮುಖ ತೋರಿಸಬೇಕು. ದೆಹಲಿಯ ರಾಜಕೀಯಕ್ಕಿಂತ ವಾರ್ಡಿನ ರಾಜಕೀಯ ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಶಾಲೆಗಳಲ್ಲಿ ‘ಶಾಲಾ ಸಂಸತ್ತು’ ನಡೆಸುತ್ತಾರೆ. ಪ್ರಧಾನಮಂತ್ರಿಯ ಆಯ್ಕೆಯಾಗುತ್ತದೆ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಪ್ರಮಾಣವಚನ ಸ್ವೀಕರಿಸುತ್ತಾರೆ. ಒಳ್ಳೆಯದೇ. ಆದರೆ ಶಾಲೆಯ ಮುಂದಿನ ಚರಂಡಿ ಯಾವ ಮಂತ್ರಿಗೂ ಸೇರಿದ್ದಲ್ಲ. ಅದು ಪಾಲಿಕೆಗೆ ಸೇರಿದ್ದು. ಪಾಲಿಕೆಯಲ್ಲಿ ಇರುವಂತೆ ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಎಂಬ ನಾಲ್ಕು ಸ್ಥಾಯಿ ಸಮಿತಿಗಳನ್ನು ಮಾಡಿ, ಒಂದು ನಿಜವಾದ ಮೊತ್ತವನ್ನು ಮುಂದಿಟ್ಟು, ಎರಡು ಬೀದಿಗಳಲ್ಲಿ ಯಾವುದಕ್ಕೆ ಮೊದಲು ದೀಪ ಹಾಕಿಸುತ್ತೀರಿ ಎಂದು ಮಕ್ಕಳನ್ನು ಕೇಳಿದರೆ ಪಾಠ ಬೇರೆಯೇ ಆಗುತ್ತದೆ. ಹಳ್ಳಿಯ ಮಕ್ಕಳಿಗೆ ಇಂಥ ಒಂದು ವೇದಿಕೆ ಈಗಾಗಲೇ ಇದೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಬಸ್ಸು, ಆಟದ ಮೈದಾನ ಎಂದು ಹುಡುಗ ಹುಡುಗಿಯರು ಅಧಿಕಾರಿಗಳ ಎದುರೇ ಎದ್ದು ಕೇಳುತ್ತಾರೆ. ನಗರದ ಮಕ್ಕಳು ಈ ವಿಷಯದಲ್ಲಿ ಹಿಂದೆ ಉಳಿದಿದ್ದಾರೆ.

ದೊಡ್ಡವರಿಗೂ ವೇದಿಕೆಯಿದೆ, ಆದರೆ ಅದು ಹೆಚ್ಚಾಗಿ ಕಾಗದದ ಮೇಲಿದೆ. ಪಾಲಿಕೆಗಳಲ್ಲಿ ಪ್ರತಿ ವಾರ್ಡಿಗೊಂದು ವಾರ್ಡ್ ಸಮಿತಿ ಇರಬೇಕೆಂದು 2011ರಲ್ಲಿ ಕಾನೂನು ತಿದ್ದುಪಡಿಯಾಯಿತು. ಸದಸ್ಯರೇ ಅದರ ಅಧ್ಯಕ್ಷರು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ನಿವಾಸಿಗಳ ಸಂಘಗಳಿಗೆ ಅದರಲ್ಲಿ ಸ್ಥಾನವಿದೆ. ರಾಜ್ಯದ ಬಹಳ ಕಡೆ ಇವು ರಚನೆಯಾಗುವುದೇ ತಡ, ರಚನೆಯಾದರೂ ಸೇರುವುದು ಅಪರೂಪ. ಬಲ್ಲವರು ಕೇಳದಿದ್ದರೆ ಕರೆಯುವವರು ಯಾರು?

ಸಭೆಯೇ ಇಲ್ಲದ ಕಾಲವೂ ಬರುತ್ತದೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಸುಪ್ರೀಂ ಕೋರ್ಟು 2006ರಲ್ಲಿ ಅದನ್ನೇ ಒತ್ತಿ ಹೇಳಿತು. ಆದರೂ 2018ರಲ್ಲಿ ರಾಜ್ಯದ ಹಲವು ನಗರಸಭೆ, ಪುರಸಭೆಗಳಿಗೆ ಗೆದ್ದವರು ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದ ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕುಳಿತರು. ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2020ರ ಫೆಬ್ರವರಿಯಲ್ಲಿ ಕುಳಿತ ದಾವಣಗೆರೆಯ ಸಭೆಗೆ 2025ರ ಫೆಬ್ರವರಿಯಲ್ಲಿ ಐದು ವರ್ಷ ತುಂಬಿದಾಗಲೂ ಹೊಸ ಸಭೆ ಆಯ್ಕೆಯಾಗಿರಲಿಲ್ಲ. ಇಂಥ ಕಾಲದಲ್ಲಿ ಆಡಳಿತಾಧಿಕಾರಿ ಬರುತ್ತಾರೆ. ಅವರು ದಕ್ಷರಿರಬಹುದು, ಕಸ ಸರಿಯಾಗಿ ಎತ್ತಿಸಲೂಬಹುದು. ಆದರೆ ನಲ್ಲಿ ಒಣಗಿದ ಬೀದಿಯವರು ರಾತ್ರಿ ಎಂಟು ಗಂಟೆಗೆ ಅವರ ಮನೆ ಬಾಗಿಲು ತಟ್ಟಲಾರರು; ವಾರ್ಡಿನ ಸದಸ್ಯರ ಬಾಗಿಲನ್ನು ತಟ್ಟುತ್ತಾರೆ, ಬೈಯುತ್ತಾರೆ, ನೀರು ಬಿಡಿಸಿಕೊಂಡೇ ಮನೆಗೆ ಹೋಗುತ್ತಾರೆ.

ಸಭೆ ಇರಲಿ, ಇಲ್ಲದಿರಲಿ, ಅರ್ಜಿ ಬರೆಯುವ ಕ್ರಮ ಒಂದೇ. ವಾರ್ಡ್ ಸಂಖ್ಯೆ, ಬೀದಿಯ ಹೆಸರು, ನೀರು ನಿಂತ ತಾರೀಖು, ಎಷ್ಟು ಮನೆಗಳಿಗೆ ತೊಂದರೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ನಕಲಿನ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅದೇ ನಕಲನ್ನು ಲಗತ್ತಿಸಿ, ಹತ್ತು ರೂಪಾಯಿ ಶುಲ್ಕದೊಂದಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ‘ನಮ್ಮ ಅರ್ಜಿ ಈಗ ಯಾರ ಬಳಿ ಇದೆ?’ ಎಂದು ಕೇಳಬಹುದು. ಮೂವತ್ತು ದಿನಗಳೊಳಗೆ ಅವರು ಉತ್ತರ ಕೊಡಬೇಕು.