ಅವ್ವನ ತಲೆ ಬಾಚಿದ ಮೇಲೆ

ಮನೆಯವರು ರೇಷ್ಮೆ ಗೂಡು ತಗೊಂಡು ರಾಮನಗರ ಮಾರ್ಕೆಟ್‌ಗೆ ಹೊರಟ್ರು. ಅವ್ವನಿಗೆ ಸ್ನಾನ ಮಾಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ತಲೆ ಬಾಚಿದ್ರಿ. ನಿಮ್ಮ ಜಡೆ? ಮೊನ್ನೆ ಹಾಕಿದ್ದೇ.

ಅಕ್ಕಾ, ಅವ್ವ ಏಳೋಕೆ ಮುಂಚೆ ನಿಮ್ಮ ಸ್ನಾನ ಮುಗಿಸಿ. ಅದನ್ನ ಸ್ವಾರ್ಥ ಅಂದ್ರೆ ನಾನು ಒಪ್ಪಲ್ಲ.

ನಿಮ್ಮ ಉಗುರು ಚಿಕ್ಕದಾಗಿರಲಿ. ವಯಸ್ಸಾದವರ ಚರ್ಮ ತೆಳು, ಸ್ವಲ್ಪ ತಾಗಿದ್ರೂ ಗೀರುತ್ತೆ. ನೀರಲ್ಲೇ ಇದ್ದು ಒಡೆದ ನಿಮ್ಮ ಅಂಗೈಗೂ ಅದೇ ಕೊಬ್ಬರಿ ಎಣ್ಣೆ ಸವರಿ. ಅವ್ವನನ್ನ ಎಬ್ಬಿಸುವಾಗ ಸೊಂಟ ಬಗ್ಗಿಸಬೇಡಿ, ಮೊಣಕಾಲು ಮಡಚಿ.

ಕನಕಪುರದ ತಮ್ಮನೋ ಮಾಗಡಿಯ ತಂಗಿಯೋ ಭಾನುವಾರ ಅರ್ಧ ದಿನ ಬಂದು ಅವ್ವನ ಹತ್ರ ಕೂರಲಿ. ಬಾಯಿಬಿಟ್ಟು ಕೇಳಿ.

ಮನಸ್ಸು ಭಾರವಾದ್ರೆ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ, 14416. ಉಚಿತ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.